ನವೆ ಬಂದ್ಮೇಲೆ ಹಾಕೋ ಡ್ರಾಪ್ಸ್ ಅಲ್ಲ ಇದು: ಸೋಡಿಯಂ ಕ್ರೋಮೋಗ್ಲೈಕೇಟ್ ಕಣ್ಣಿನ ಹನಿ ಬಳಸಿ ನೋಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಈ ಡ್ರಾಪ್ಸ್‌ಗೆ ಮೊದಲನೇ ಸಲ ನಾನು ಮನಸ್ಸಲ್ಲೇ ಕೊಟ್ಟಿದ್ದು ಐದಕ್ಕೆ ಒಂದು ಸ್ಟಾರ್. ಈಗ ನಾಲ್ಕು. ಡ್ರಾಪ್ಸ್ ಅದೇ, 2 ಪರ್ಸೆಂಟ್ ಸೋಡಿಯಂ ಕ್ರೋಮೋಗ್ಲೈಕೇಟ್, ಅದೇ ಪುಟ್ಟ ಪ್ಲಾಸ್ಟಿಕ್ ಬಾಟ್ಲಿ, ಹಾಕಿದ ತಕ್ಷಣ ಅದೇ ಚುರುಚುರು. ನಾನು ಹಾಕ್ಕೊಳ್ಳೋ ಹೊತ್ತು ಬದಲಾಯ್ತು, ಅಷ್ಟೆ.

ನಂದು ಧೂಳಿನ ಅಲರ್ಜಿ. ಹಳೇ ರಟ್ಟಿನ ಡಬ್ಬ ತೆಗೆದ್ರೆ, ಫ್ಯಾನ್ ರೆಕ್ಕೆ ಒರೆಸಿದ್ರೆ, ಹಾಸಿಗೆ ಕೊಡವಿದ್ರೆ ಮುಗೀತು, ಕಣ್ಣಿನ ಒಳಮೂಲೆಲಿ ನವೆ ಶುರುವಾಗತ್ತೆ, ಉಜ್ಜಿದಷ್ಟೂ ಹೆಚ್ಚಾಗತ್ತೆ, ಹತ್ತು ನಿಮಿಷಕ್ಕೆ ಕಣ್ಣು ಕೆಂಡ ಆಗಿ ರೆಪ್ಪೆ ಊದ್ಕೊಂಡು ಕನ್ನಡಿ ನೋಡಿದ್ರೆ ನಂಗೇ ನನ್ ಗುರುತು ಸಿಗಲ್ಲ. ಈ ಉಜ್ಜೋ ವಿಚಾರ ಆಮೇಲೆ ಹೇಳ್ತೀನಿ, ಅದ್ರಲ್ಲೂ ಒಂದು ಕಥೆ ಇದೆ.

ಮೊದಲ ಬಾಟ್ಲಿ ಬಂದಾಗ ಮೆಡಿಕಲ್ ಶಾಪ್‌ನವ್ರು ಕವರ್‌ಗೆ ಹಾಕಿ ಕೊಟ್ರು, "ಅಲರ್ಜಿದು, ಹಾಕ್ಕೊಳಿ" ಅಂದ್ರು, ಅಷ್ಟೇ. ನಾನೇನ್ ಮಾಡ್ದೆ, ತಲೆನೋವಿನ ಮಾತ್ರೆ ತರ ನವೆ ಬಂದಾಗ ಒಂದು ಹನಿ, ಇನ್ನೂ ಹೋಗಿಲ್ಲ ಅಂದ್ರೆ ಇನ್ನೊಂದು ಹನಿ. ಏನೂ ಆಗ್ಲಿಲ್ಲ. ನವೆ ಜೊತೆಗೆ ಉರಿನೂ ಸೇರ್ಕೊಂಡಿದ್ದೇ ಬಂದ ಭಾಗ್ಯ. ಐದು ದಿನ ನೋಡಿ ಡ್ರಾಯರ್‌ಗೆ ಎಸ್ದೆ. ಆಮೇಲೆ ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಇದನ್ನೇ ದೂರು ಹೇಳ್ದೆ.

"ಯಾವಾಗ ಹಾಕ್ತಿದ್ರಿ?" ಅಂದ್ರು.

"ನವೆ ಬಂದಾಗ ಡಾಕ್ಟ್ರೇ."

"ಅದಕ್ಕೇ ಕೆಲಸ ಮಾಡಿಲ್ಲ. ನವೆ ಇಲ್ದೇ ಇರುವಾಗ ಹಾಕ್ಬೇಕು ಅದನ್ನ."

ಇದೇನಪ್ಪಾ ಹೊಟ್ಟೆ ತುಂಬಿದ್ಮೇಲೆ ಊಟ ಮಾಡಿ ಅಂದಂಗಿದೆ ಅನ್ನಿಸ್ತು ನಂಗೆ. ಅವ್ರು ಒಂದ್ ಚೀಟಿ ಮೇಲೆ ಒಂದು ದೊಡ್ಡ ಸೊನ್ನೆ ಬರೆದು, ಅದರೊಳಗೆ ಸಣ್ಣ ಸಣ್ಣ ಸೊನ್ನೆ ತುಂಬಿಸಿ, ಹೊರಗಡೆಯಿಂದ ಒಳಕ್ಕೆ ಒಂದು ಬಾಣ ಹಾಕಿ "ಕ್ಯಾಲ್ಸಿಯಂ" ಅಂತ ಬರೆದ್ರು. ಆ ಚೀಟಿ ಇನ್ನೂ ನನ್ ಹತ್ರ ಇದೆ, ಅದ್ರಿಂದ್ಲೇ ನಾನು ಇಷ್ಟೆಲ್ಲ ಓದಕ್ಕೆ ಹೋಗಿದ್ದು.

ಆ ದೊಡ್ಡ ಸೊನ್ನೆ ಮಾಸ್ಟ್ ಸೆಲ್. ನಮ್ ಚರ್ಮ, ಮೂಗು, ಶ್ವಾಸಕೋಶ, ಕರುಳು, ಕಣ್ಣಿನ ಬಿಳಿ ಭಾಗದ ಮೇಲಿರೋ ತೆಳು ಪೊರೆ, ಅಂದ್ರೆ ಹೊರಗಿನ ಪ್ರಪಂಚ ತಾಗೋ ಕಡೆಯೆಲ್ಲಾ ಕಾವಲು ಕೂತಿರೋ ರೋಗನಿರೋಧಕ ಕೋಶ. 1878ರಲ್ಲಿ ಪಾಲ್ ಎರ್ಲಿಕ್ ಅನ್ನೋರು ಇನ್ನೂ ಸ್ಟೂಡೆಂಟ್ ಆಗಿದ್ದಾಗ್ಲೇ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇದಕ್ಕೆ ಹೆಸರಿಟ್ರು, ಬಣ್ಣ ಹಾಕಿ ನೋಡಿದಾಗ ಒಳಗೆಲ್ಲ ಕಾಳು ಕಾಳು ತುಂಬ್ಕೊಂಡಿತ್ತಂತೆ, ಚೆನ್ನಾಗಿ ತಿಂದು ಕೊಬ್ಬಿರೋ ಕೋಶ ಅನ್ಕೊಂಡು ಜರ್ಮನ್‌ನಲ್ಲಿ ಮಾಸ್ಟ್‌ಸೆಲೆನ್ ಅಂದ್ರು. ತಿಂದಿದ್ದಲ್ಲ ಅದು, ಬಚ್ಚಿಟ್ಟಿದ್ದು. ಆ ಒಂದೊಂದು ಕಾಳಲ್ಲೂ ಹಿಸ್ಟಮಿನ್ ಅನ್ನೋ, ನವೆ ಊತ ತರಿಸೋ ಕೆಮಿಕಲ್ ಇರತ್ತೆ. ಹಿಸ್ಟಮಿನ್ ಈ ಕೋಶದಲ್ಲೇ ಇರೋದು ಅಂತ ರೈಲಿ ಮತ್ತು ವೆಸ್ಟ್ ತೋರ್ಸಿದ್ದು 1953ರಲ್ಲಿ, ಅಂದ್ರೆ ಹೆಸರಿಟ್ಟು 75 ವರ್ಷ ಆದ್ಮೇಲೆ.

ಈಗ ಈ ಕಾಳು ಯಾವಾಗ ಹೊರಗೆ ಬೀಳತ್ತೆ ಅನ್ನೋದೇ ಈ ಡ್ರಾಪ್ಸ್‌ನ ಇಡೀ ವಿಚಾರ. ಧೂಳಿನ ಹುಳದ ಪ್ರೋಟೀನು ಕಣ್ಣಿಗೆ ಬಿತ್ತು ಅಂದ್ಕೊಳಿ. ಅಲರ್ಜಿ ಇರೋರಲ್ಲಿ ಮಾಸ್ಟ್ ಸೆಲ್ ಮೈಮೇಲೆ ಐಜಿಇ ಅನ್ನೋ ಆಂಟಿಬಾಡಿ ಮೊದ್ಲೇ ಅಂಟ್ಕೊಂಡು ರೆಡಿ ಇರತ್ತೆ, ಧೂಳಿನ ಪ್ರೋಟೀನು ಪಕ್ಕಪಕ್ಕದ ಎರಡು ಐಜಿಇನ ಸೇತುವೆ ತರ ಜೋಡಿಸಿದ್ ಕೂಡ್ಲೇ ಕೋಶದ ಒಳಗೆ ಒಂದರ ಹಿಂದೆ ಒಂದು ಎಂಜೈಮು ಎದ್ದು ಕೂರತ್ತೆ, ಕೊನೆಗೆ ಐಪಿ3 ಅನ್ನೋ ಸಣ್ಣ ಅಣು ಹೋಗಿ ಕೋಶದ ಒಳಗೇ ಇರೋ ಕ್ಯಾಲ್ಸಿಯಂ ಗೋಡೌನ್ ಬಾಗಿಲು ತೆಗೆಯತ್ತೆ. ಅಲ್ಲಿರೋದು ಸ್ವಲ್ಪ, ಬೇಗ ಖಾಲಿ. ಅಸಲಿ ಆಟ ಆಮೇಲೆ. ಗೋಡೌನ್ ಖಾಲಿ ಆಯ್ತು ಅಂತ ನೋಡ್ಕೊಳ್ಳೋ ಒಂದು ಪ್ರೋಟೀನ್ ಇದೆ, ಸ್ಟಿಮ್1 ಅಂತ, 2005ರಲ್ಲಿ ಗೊತ್ತಾಗಿದ್ದು, ಅದು ಓಡ್ಹೋಗಿ ಕೋಶದ ಹೊರಗೋಡೆಲಿರೋ ಓರಾಯ್1 ಅನ್ನೋ ಬಾಗಿಲು ತೆಗೆಸತ್ತೆ, ಇದು ಸಿಕ್ಕಿದ್ದು 2006ರಲ್ಲಿ. ಬಾಗಿಲಿನ ಹೆಸರು ಗೊತ್ತಾಗೋ ಮುಂಚೇನೇ, 1992ರಲ್ಲಿ, ಹೋಥ್ ಮತ್ತು ಪೆನ್ನರ್ ಅದರೊಳಗೆ ಹರಿಯೋ ಕರೆಂಟನ್ನ ಅಳೆದಿದ್ರು, ಅದೂ ಮಾಸ್ಟ್ ಸೆಲ್‌ನಲ್ಲೇ.

ಬಾಗಿಲು ತೆಗೆದ್ರೆ ಕ್ಯಾಲ್ಸಿಯಂ ಯಾಕ್ ಹಂಗ್ ನುಗ್ಗತ್ತೆ ಅಂದ್ರೆ, ಹೊರಗಡೆ ಇರೋ ಕ್ಯಾಲ್ಸಿಯಂ ಅಯಾನಿನ ಸಾಂದ್ರತೆ ಕೋಶದೊಳಗೆ ಇರೋದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ತುಂಬಿದ ಕೆರೆಗೆ ತೂಬು ತೆಗೆದಂಗೆ. ಅದೂ ಸಾಲ್ದು ಅಂತ ಒಳಗಿನ ಪೊಟ್ಯಾಸಿಯಂ ಬೇರೆ ದಾರಿಲಿ ಹೊರಗೆ ಹೋಗ್ತಾ ಒಳಭಾಗವನ್ನ ನೆಗೆಟಿವ್ ಆಗಿ ಇಡತ್ತೆ, ಪಾಸಿಟಿವ್ ಚಾರ್ಜ್ ಇರೋ ಕ್ಯಾಲ್ಸಿಯಂಗೆ ಇನ್ನೂ ಎಳೆತ. ಒಳಗೆ ಕ್ಯಾಲ್ಸಿಯಂ ಏರಿದ್ ತಕ್ಷಣ ಕಾಳುಗಳು ಕೋಶದ ಗೋಡೆಗೆ ಬಂದು ಅಂಟ್ಕೊಂಡು ಬಾಯಿ ಬಿಡ್ತವೆ.

ಇದ್ರಲ್ಲಿ ನಂಗೆ ತುಂಬಾ ಹಿಡಿಸಿದ್ದು ಕೊನೆ ಹೆಜ್ಜೆ. ಕಾಳಿನೊಳಗೆ ಹಿಸ್ಟಮಿನ್ ಸುಮ್ನೆ ನೀರಲ್ಲಿ ತೇಲ್ತಿರಲ್ಲ, ಹೆಪಾರಿನ್ ತರದ ನೆಗೆಟಿವ್ ಚಾರ್ಜಿನ ಜಾಲಕ್ಕೆ ಕಚ್ಕೊಂಡಿರತ್ತೆ. ಕಾಳು ಬಾಯಿ ತೆರೆದಾಗ ಹೊರಗಿನ ಸೋಡಿಯಂ ಅಯಾನು ಒಳಗೆ ಬಂದು "ಏಳು ಮಾರಾಯ, ಇದು ನನ್ ಸೀಟು" ಅಂತ ಹಿಸ್ಟಮಿನ್ನನ್ನ ಎಬ್ಬಿಸಿ ತಾನು ಕೂರತ್ತೆ. ಅಂದ್ರೆ ಕ್ಯಾಲ್ಸಿಯಂ ಒಳಗೆ ಹೋಗಿ ಬಾಗಿಲು ತೆಗೆಸತ್ತೆ, ಸೋಡಿಯಂ ಬಂದು ಜಾಗ ಖಾಲಿ ಮಾಡಿಸತ್ತೆ, ಆಮೇಲೆ ಹಿಸ್ಟಮಿನ್ ಬೀದಿಗೆ. ನರದ ತುದಿ ಮುಟ್ಟಿದ್ರೆ ನವೆ, ರಕ್ತನಾಳ ಮುಟ್ಟಿದ್ರೆ ಕೆಂಪು ಮತ್ತು ಊತ. ಇಷ್ಟೂ ಆಗಕ್ಕೆ ನಿಮಿಷಗಳು ಸಾಕು.

ಊರು ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರಲ್ಲ, ನಾನು ಐದು ದಿನ ಮಾಡಿದ್ದು ಅದನ್ನೇ. ಕ್ರೋಮೋಗ್ಲೈಕೇಟ್ ಕೆಲಸ ಮಾಡೋದು ಮಾಸ್ಟ್ ಸೆಲ್ ಹಂತದಲ್ಲಿ, ಕಾಳು ಹೊರಗೆ ಬೀಳದಂಗೆ ನೋಡ್ಕೊಳ್ಳೋದು. ಈಗಾಗ್ಲೇ ಹೊರಗೆ ಬಿದ್ದಿರೋ ಹಿಸ್ಟಮಿನ್ನನ್ನ ಅದು ಮುಟ್ಟೋದೇ ಇಲ್ಲ, ಹಿಸ್ಟಮಿನ್ ಹೋಗಿ ಕೂರೋ ಜಾಗ, ಅಂದ್ರೆ ರಿಸೆಪ್ಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಂಗಾಗಿ ನವೆ ಶುರುವಾದ್ಮೇಲೆ ಬಾಟ್ಲಿ ಪೂರ್ತಿ ಸುರ್ಕೊಂಡ್ರೂ ಪ್ರಯೋಜನ ಇಲ್ಲ.

ಕ್ಯಾಲ್ಸಿಯಂ ಒಳಗೆ ಹೋಗೋದಕ್ಕೂ ಹಿಸ್ಟಮಿನ್ ಹೊರಗೆ ಬರೋದಕ್ಕೂ ನಂಟಿದೆ ಅನ್ನೋದನ್ನ ಹೆಂಗೆ ಕಂಡುಹಿಡಿದ್ರು ಅನ್ನೋದೂ ಚೆನ್ನಾಗಿದೆ. 1970ರ ದಶಕದಲ್ಲಿ ಫೋರ್‌ಮನ್, ಮಾಂಗರ್, ಹ್ಯಾಲೆಟ್ ಅನ್ನೋ ಸಂಶೋಧಕರು ಇಲಿ ಹೊಟ್ಟೆಯ ಪೊರೆಚೀಲದಿಂದ ತೆಗೆದ ಮಾಸ್ಟ್ ಸೆಲ್‌ಗೆ ಕ್ಯಾಲ್ಸಿಯಂ-45 ಅನ್ನೋ ವಿಕಿರಣ ಸೂಸೋ ಕ್ಯಾಲ್ಸಿಯಂ ಕೊಟ್ಟು, ಕೋಶವನ್ನ ಕೆಣಕಿ, ಎಷ್ಟು ಕ್ಯಾಲ್ಸಿಯಂ ಒಳಗೆ ಹೋಯ್ತು ಎಷ್ಟು ಹಿಸ್ಟಮಿನ್ ಹೊರಗೆ ಬಂತು ಅಂತ ಜೊತೆಜೊತೆಗೆ ಅಳೆದ್ರು, ಒಂದು ಏರಿದಂಗೆ ಇನ್ನೊಂದೂ ಏರ್ತಿತ್ತು. ಆದ್ರೆ ಎರಡು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಹೇಳಕ್ಕಾಗತ್ತಾ, ನೀವೇ ಕೇಳ್ತೀರಿ. ಅದಕ್ಕೆ ಉತ್ತರ 1973ರಲ್ಲೇ ಸಿಕ್ಕಿತ್ತು. ಅಲರ್ಜಿ ವಸ್ತು ಏನೂ ಇಲ್ದೇ, ಕ್ಯಾಲ್ಸಿಯಂನ ಗೋಡೆ ದಾಟಿಸೋ ಐಯೊನೋಫೋರ್ ಅನ್ನೋ ಕೆಮಿಕಲ್ ಮಾತ್ರ ಹಾಕಿದ್ರು, ಹಿಸ್ಟಮಿನ್ ಬಂತು. ಅದೇ ವರ್ಷ ಬೇರೆಯೋರು ಕೂದಲಿಗಿಂತ ಸಣ್ಣ ಗಾಜಿನ ಸೂಜಿಲಿ ಒಂದೊಂದೇ ಮಾಸ್ಟ್ ಸೆಲ್ ಒಳಕ್ಕೆ ಕ್ಯಾಲ್ಸಿಯಂ ಚುಚ್ಚಿದ್ರು, ಕಾಳು ಹೊರಗೆ ಬಿತ್ತು. ಐಜಿಇ ಇಲ್ಲ, ಧೂಳಿಲ್ಲ, ಏನಿಲ್ಲ, ಬರೀ ಕ್ಯಾಲ್ಸಿಯಂ ಒಳಗೆ ಹೋದ್ರೆ ಸಾಕು. ಆಮೇಲೆ ಕ್ರೋಮೋಗ್ಲೈಕೇಟ್ ಹಾಕಿ ನೋಡಿದಾಗ ಇಲಿಯ ಕೋಶಕ್ಕೆ ಹೋಗೋ ಕ್ಯಾಲ್ಸಿಯಂ ಕಮ್ಮಿ ಆಯ್ತು, ಹಿಸ್ಟಮಿನ್ನೂ ಕಮ್ಮಿ ಆಯ್ತು.

ಇಲ್ಲೊಂದು ಬ್ರೇಕ್ ಹಾಕ್ಬೇಕು. "ಈ ಔಷಧಿ ಕ್ಯಾಲ್ಸಿಯಂ ಬಾಗಿಲು ಮುಚ್ಚತ್ತೆ" ಅಂತ ಒಂದೇ ಸಾಲಲ್ಲಿ ಬರೆದುಬಿಡೋದು ಸುಲಭ, ತುಂಬಾ ಜನ ಹಂಗೇ ಬರೀತಾರೆ, ಆದ್ರೆ ಓರಾಯ್ ಬಾಗಿಲಿಗೆ ಇದೇ ನೇರವಾಗಿ ಹೋಗಿ ಬೀಗ ಹಾಕತ್ತೆ ಅನ್ನಕ್ಕೆ ಆಧಾರ ಗಟ್ಟಿ ಇಲ್ಲ. 2010ರಲ್ಲಿ ಜಿಪಿಆರ್35 ಅನ್ನೋ ರಿಸೆಪ್ಟರ್‌ನ ಇದು ಚುರುಕು ಮಾಡತ್ತೆ ಅಂತ ಗೊತ್ತಾಯ್ತು. ಇಲಿ ಕೋಶದ ಮೇಲೆ ಕೆಲಸ ಮಾಡಿದಂಗೆ ಮನುಷ್ಯರ ಚರ್ಮದ ಮಾಸ್ಟ್ ಸೆಲ್ ಇದಕ್ಕೆ ಬಗ್ಗಲ್ಲ, ಅದಕ್ಕೇ ಮೈಮೇಲೆ ಗಂಧೆ ಏಳೋರಿಗೆ ಇದನ್ನ ಕೊಡೋದಿಲ್ಲ. ಅರ್ಧ ಶತಮಾನದಿಂದ ಜನ ಕಣ್ಣಿಗೆ ಹಾಕ್ಕೊಳ್ತಿರೋ ಔಷಧಿದು ಪೂರ್ತಿ ಗುಟ್ಟು ಇನ್ನೂ ಬಿಟ್ಟಿಲ್ಲ ಅನ್ನೋದು ನಂಗೇನೋ ಮಜಾ ಅನ್ಸತ್ತೆ, ಕೆಲವರಿಗೆ ಭಯ ಅನ್ನಿಸ್ಬೋದು.

ಇದು ಹುಟ್ಟಿದ ಕಥೆ ಕೇಳಿದ್ರೆ ಸ್ಟಾರ್ ಇನ್ನೊಂದು ಜಾಸ್ತಿ ಕೊಡ್ಬೇಕು ಅನ್ಸತ್ತೆ. ರೋಜರ್ ಆಲ್ಟೂನ್ಯನ್ ಅಂತ ಬ್ರಿಟನ್‌ನಲ್ಲಿ ಒಬ್ರು ಡಾಕ್ಟ್ರು, 1922ರಲ್ಲಿ ಸಿರಿಯಾದಲ್ಲಿ ಹುಟ್ಟಿದೋರು, ಅವರಿಗೇ ಆಸ್ತಮಾ. ಮೆಡಿಟರೇನಿಯನ್ ಕಡೆ ಬೆಳೆಯೋ ಒಂದು ಗಿಡದ ಬೀಜದಿಂದ ಬರೋ ಖೆಲಿನ್ ಅನ್ನೋ ವಸ್ತುವಿನ ಜಾಡು ಹಿಡ್ಕೊಂಡು ಅವರ ಕಂಪನಿ ಹೊಸ ಹೊಸ ಕೆಮಿಕಲ್ ಮಾಡೋದು, ಇವರು ಗಿನಿಪಿಗ್ ಮೈಯ ಹೊಟ್ಟಿನ ರಸ ಉಸಿರಲ್ಲಿ ಎಳ್ಕೊಂಡು ತಮಗೆ ತಾವೇ ಆಸ್ತಮಾ ಬರಿಸ್ಕೊಂಡು ಯಾವ ಕೆಮಿಕಲ್ ತಡೆಯತ್ತೆ ಅಂತ ನೋಡೋದು. ಒಂದ್ಸಲ ಎರಡ್ಸಲ ಅಲ್ಲ, ವರ್ಷಗಟ್ಲೆ, ನೂರಾರು ಸಲ. 1965ರಲ್ಲಿ ಕ್ರೋಮೋಗ್ಲೈಕೇಟ್ ಸಿಕ್ತು. ಅವರು ಮೊದಲು ಏರ್‌ಫೋರ್ಸ್‌ನಲ್ಲಿ ಪೈಲಟ್ ಆಗಿದ್ರು, ಹಂಗಾಗಿ ಪುಡಿ ಎಳ್ಕೊಳ್ಳಕ್ಕೆ ಒಳಗೆ ಪುಟ್ಟ ಪ್ರೊಪೆಲ್ಲರ್ ತಿರುಗೋ ಇನ್‌ಹೇಲರ್‌ನೂ ಮಾಡಿದ್ರು. ಗಮನಿಸಿ, ಅವರೂ ಔಷಧಿ ಮೊದಲು ತಗೊಂಡು ಆಮೇಲೆ ಹೊಟ್ಟು ಎಳ್ಕೊಳ್ತಿದ್ರು. ಇದರ ಉಪಯೋಗ ಕಂಡಿದ್ದೇ ಆ ಕ್ರಮದಿಂದ. ನಾನು ಅದನ್ನ ತಲೆಕೆಳಗೆ ಮಾಡಿ ಔಷಧಿಗೆ ಬೈತಿದ್ದೆ.

ಸರಿ, ಈಗ ಬಳಸಿದ ಅನುಭವ. ಡ್ರಾಯರ್‌ನಲ್ಲಿದ್ದ ಹಳೇ ಬಾಟ್ಲಿ ಬಿಸಾಕ್ದೆ, ಯಾಕಂದ್ರೆ ಸೀಲ್ ಒಡೆದ್ಮೇಲೆ 28 ದಿನ ಅಷ್ಟೇ ಲೆಕ್ಕ. ಹೊಸದು ತಗೊಂಡು ದಿನಕ್ಕೆ ನಾಲ್ಕು ಸಲ, ನವೆ ಇರ್ಲಿ ಬಿಡ್ಲಿ, ಬೆಳಿಗ್ಗೆ ಎದ್ದಾಗ, ಮಧ್ಯಾಹ್ನ, ಸಂಜೆ, ಮಲಗೋ ಮುಂಚೆ. ಮೊದಲ ನಾಲ್ಕೈದು ದಿನ ಏನೂ ವ್ಯತ್ಯಾಸ ಇಲ್ಲ, ಇದನ್ನ ನೇರವಾಗೇ ಹೇಳ್ತೀನಿ. ಒಂದು ವಾರ ದಾಟಿದ್ಮೇಲೆ ಒಂದಿನ ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿ ಹಳೇ ಪೇಪರ್ ಎಲ್ಲಾ ವಿಂಗಡಿಸ್ತಾ ಕೂತಿದ್ದೆ, ಮುಗಿಸಿ ಕೈ ತೊಳೆಯುವಾಗ ತಲೆಗೆ ಹೊಳೀತು, ಅರೆ, ಕಣ್ಣು ಮುಟ್ಟೇ ಇಲ್ವಲ್ಲ ನಾನು! ಸ್ವಲ್ಪ ನೀರು ಬಂದಿತ್ತು, ಅಷ್ಟೆ. ಯಾವ್ದಾದ್ರೂ ಔಷಧಿ ಕೆಲಸ ಮಾಡ್ತು ಅಂತ ಇಷ್ಟು ತಡವಾಗಿ ನೆನಪಾಗಿದ್ದು ಇದೇ ಮೊದಲು. ಮಾಸ್ಟ್ ಸೆಲ್ ಡ್ರಾಪ್ಸ್‌ದು ಇದೊಂದು ಕರ್ಮ, ಆಗದೇ ಇದ್ದ ನವೆಗೆ ಯಾರು ಥ್ಯಾಂಕ್ಸ್ ಹೇಳ್ತಾರೆ?

ಇನ್ನು ಮೈನಸ್ ಪಾಯಿಂಟ್. ದಿನಕ್ಕೆ ನಾಲ್ಕು ಸಲ ಅನ್ನೋದು ಹಿಂಸೆನೇ, ಮಧ್ಯಾಹ್ನದ್ದು ನಂಗೆ ವಾರದಲ್ಲಿ ಎರಡು ದಿನ ಮರೆತೇ ಹೋಗತ್ತೆ. ಹಾಕಿದ್ ಕೂಡ್ಲೇ ಅರ್ಧ ನಿಮಿಷ ಚುರುಗುಟ್ಟತ್ತೆ, ಕಣ್ಣು ಸ್ವಲ್ಪ ಮಂಜಾಗತ್ತೆ, ಅದು ಹೋಗೋ ತನಕ ಗಾಡಿ ಓಡಿಸ್ಬೇಡಿ. ಹೆಚ್ಚಿನ ಬಾಟ್ಲಿಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಪ್ರಿಸರ್ವೇಟಿವ್ ಇರತ್ತೆ, ಅದನ್ನ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಸ್ಪಂಜಿನ ತರ ಹೀರ್ಕೊಳ್ಳತ್ತೆ, ಹಂಗಾಗಿ ಲೆನ್ಸ್ ಹಾಕೋರು ಇದನ್ನ ಬಳಸೋ ಅಷ್ಟು ದಿನ ಕನ್ನಡಕಕ್ಕೆ ಬರ್ಬೇಕಾಗತ್ತೆ, ಡಾಕ್ಟ್ರನ್ನ ಕೇಳಿ. ಬಾಟ್ಲಿ ವಿನ್ಯಾಸದ ಬಗ್ಗೆ ಒಂದು ದೂರು, ಗಟ್ಟಿಯಾಗಿ ಒತ್ತಿದ್ರೆ ಒಂದಲ್ಲ ಮೂರು ಹನಿ ಬೀಳತ್ತೆ, ಕಣ್ಣಲ್ಲಿ ಹಿಡಿಯೋದು ಒಂದೇ, ಉಳಿದಿದ್ದು ಕೆನ್ನೆಗೆ. ಕೆಳಗಿನ ರೆಪ್ಪೆ ಸ್ವಲ್ಪ ಎಳೆದು ಆ ಜೇಬಿಗೆ ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನ ಬೆರಳಲ್ಲಿ ಒಂದ್ನಿಮಿಷ ಒತ್ತಿ ಹಿಡಿದ್ರೆ ಗಂಟಲಿಗೆ ಇಳಿಯಲ್ಲ.

"ಹಂಗಾದ್ರೆ ತಕ್ಷಣಕ್ಕೆ ಏನ್ ಮಾಡ್ಲಿ?" ಅಂದ್ರೆ, ಅದಕ್ಕೆ ಓಲೋಪಟಡೀನ್ ಅಥವಾ ಕೀಟೋಟಿಫೆನ್ ಡ್ರಾಪ್ಸ್ ಇದಾವೆ. ಇವು ಹಿಸ್ಟಮಿನ್ ಕೂರೋ ಎಚ್1 ರಿಸೆಪ್ಟರ್‌ನ ತಡೀತವೆ, ಜೊತೆಗೆ ಮಾಸ್ಟ್ ಸೆಲ್‌ನೂ ಒಂದಷ್ಟು ಸುಮ್ನಿರಿಸ್ತವೆ, ಅಂದ್ರೆ ದಿಡ್ಡಿ ಬಾಗಿಲಲ್ಲೂ ಕಾವಲು, ಊರೊಳಗೂ ಕಾವಲು. ನಿಮಿಷಗಳಲ್ಲಿ ಆರಾಮ, ದಿನಕ್ಕೆ ಎರಡು ಸಲ ಸಾಕು, 0.2 ಪರ್ಸೆಂಟ್ ಓಲೋಪಟಡೀನ್ ಆದ್ರೆ ಒಂದೇ ಸಲ. ನಿಜ ಹೇಳ್ಬೇಕಂದ್ರೆ ಸೋಮಾರಿಗಳಿಗೆ ಇದೇ ವಾಸಿ, ನಮ್ಮಕ್ಕ ಅದನ್ನೇ ಹಾಕೋದು, ನನ್ನ ನಾಲ್ಕು ಸಲದ ಪೂಜೆ ನೋಡಿ ನಗ್ತಾಳೆ. ನಾನ್ಯಾಕೆ ಕ್ರೋಮೋಗ್ಲೈಕೇಟ್‌ಗೆ ಅಂಟ್ಕೊಂಡೆ ಅಂದ್ರೆ ಓಲೋಪಟಡೀನ್ ಹಾಕಿದಾಗ ಬಾಯಲ್ಲಿ ಒಂಥರಾ ಕಹಿ ಬರ್ತಿತ್ತು ನಂಗೆ, ಮತ್ತೆ ಕ್ರೋಮೋಗ್ಲೈಕೇಟ್ ಮೈಗೆ ಸೇರೋದು ತೀರಾ ಕಮ್ಮಿ, ಹಾಕಿದ್ ಕಡೆ ಕೆಲಸ ಮಾಡಿ ಸುಮ್ನೆ ಹೋಗತ್ತೆ, ನಿದ್ದೆ ಗಿದ್ದೆ ತರಲ್ಲ.

ನಾನು ಇದನ್ನ ಹೇಳ್ಕೊಂಡು ತಿರುಗ್ತಾ ಇದ್ದಾಗ ಇಬ್ಬರು ಮೂವರು ಒಂದೇ ಪ್ರಶ್ನೆ ಕೇಳಿದ್ರು, ಕ್ಯಾಲ್ಸಿಯಂ ಇಷ್ಟೆಲ್ಲಾ ಮಾಡತ್ತೆ ಅಂದ್ರೆ ಹಾಲು, ಕ್ಯಾಲ್ಸಿಯಂ ಮಾತ್ರೆ ಬಿಡ್ಬೇಕಾ ಅಂತ. ಬೇಡ ಮಾರಾಯ್ರೆ. ರಕ್ತದಲ್ಲಿರೋ ಕ್ಯಾಲ್ಸಿಯಂನ ದೇಹ ಗೆರೆ ಎಳೆದಂಗೆ ಕಾಯ್ಕೊಳ್ಳತ್ತೆ, ಹೊರಗಡೆ ಕೆರೆ ಯಾವಾಗ್ಲೂ ತುಂಬಿದ್ದೇ, ನೀವು ಒಂದು ಲೋಟ ಬಿಟ್ಟು ಏನೂ ಆಗಲ್ಲ, ಪ್ರಶ್ನೆ ಇರೋದು ತೂಬು ಯಾವಾಗ ತೆಗೆಯತ್ತೆ ಅನ್ನೋದ್ರಲ್ಲಿ. ಇನ್ನೊಬ್ರು ಬಿಪಿಗೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ತಗೊಳ್ತಾರಂತೆ, ಹಂಗಾದ್ರೆ ನಂಗೆ ಅಲರ್ಜಿ ಯಾಕ್ ಬರತ್ತೆ ಅಂದ್ರು, ಒಳ್ಳೇ ಪ್ರಶ್ನೆ. ಆ ಮಾತ್ರೆ ಮುಚ್ಚೋದು ಹೃದಯ ಮತ್ತು ರಕ್ತನಾಳದ ಸ್ನಾಯುಲಿ ವೋಲ್ಟೇಜ್‌ಗೆ ತೆಗೆಯೋ ಬಾಗಿಲನ್ನ, ಮಾಸ್ಟ್ ಸೆಲ್‌ನ ಓರಾಯ್ ಬೇರೆ ಜಾತಿ ಬಾಗಿಲು, ಗೋಡೌನ್ ಖಾಲಿ ಆದಾಗ ತೆಗೆಯೋದು. ಓರಾಯ್‌ನೇ ಮುಚ್ಚೋ ಮಾತ್ರೆ ಮಾಡಿ ಇಡೀ ಮೈಗೆ ಕೊಟ್ಬಿಡೋಣ ಅನ್ನಕ್ಕೂ ಆಗಲ್ಲ, ಸೋಂಕಿನ ಜೊತೆ ಹೋರಾಡೋ ಟಿ ಸೆಲ್‌ಗಳೂ ಅದೇ ಬಾಗಿಲನ್ನೇ ನಂಬ್ಕೊಂಡಿರೋದು, ಹುಟ್ಟಿಂದ ಆ ಜೀನ್ ಕೆಟ್ಟಿರೋ ಮಕ್ಕಳಿಗೆ ರೋಗನಿರೋಧಕ ಶಕ್ತಿನೇ ಇರಲ್ಲ.

ಉಜ್ಜೋ ಕಥೆ ಹೇಳ್ತೀನಿ ಅಂದಿದ್ನಲ್ಲ. ಕಣ್ಣು ಉಜ್ಜಿದಾಗ ಆ ಒತ್ತಡಕ್ಕೇ ಮಾಸ್ಟ್ ಸೆಲ್ ಇನ್ನಷ್ಟು ಕಾಳು ಬಿಡತ್ತೆ, ಅಲರ್ಜಿ ವಸ್ತು ಬೇಕಂತಲೂ ಇಲ್ಲ. ಉಜ್ಜಿದಷ್ಟು ನವೆ, ನವೆ ಬಂದಷ್ಟು ಉಜ್ಜೋದು. ವರ್ಷಗಟ್ಲೆ ಉಜ್ಜೋ ಅಭ್ಯಾಸಕ್ಕೂ ಕೆರಟೋಕೋನಸ್ ಅನ್ನೋ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬೋ ಕಾಯಿಲೆಗೂ ನಂಟಿದೆ, ಮಕ್ಕಳು ಕಣ್ಣು ಉಜ್ಜಿದ್ರೆ ಸುಮ್ನೆ ಬಿಡ್ಬೇಡಿ. ನಾನೀಗ ತಣ್ಣೀರಲ್ಲಿ ಅದ್ದಿದ ಬಟ್ಟೆ ಮುಚ್ಚಿದ ಕಣ್ಣ ಮೇಲೆ ಇಟ್ಕೊಳ್ತೀನಿ, ಬರಿ ಅಷ್ಟಕ್ಕೇ ಅರ್ಧ ನವೆ ಇಳಿಯತ್ತೆ.

ಯಾರಿಗೆ ಬೇಡ ಇದು: ವರ್ಷಕ್ಕೆ ಒಂದೆರಡು ಸಲ ನವೆ ಬರೋರಿಗೆ ಬೇಡ, ಸುಮ್ನೆ ತಾಪತ್ರಯ. ಕಣ್ಣು ನೋವು, ಬೆಳಕು ನೋಡಕ್ಕಾಗ್ದೇ ಇರೋದು, ದೃಷ್ಟಿ ಮಸುಕು, ಹಳದಿ ಪಿಸರು ಇದ್ರೆ ಅದು ಅಲರ್ಜಿನೇ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಡಾಕ್ಟ್ರಿಗೆ ತೋರ್ಸಿ. ಮೈಯೆಲ್ಲಾ ಗಂಧೆ ಎದ್ದು ಉಸಿರು ಕಟ್ಟೋ ತರದ ಅಲರ್ಜಿಗಂತೂ ಈ ಡ್ರಾಪ್ಸೂ ಬೇಡ, ಅಲರ್ಜಿ ಮಾತ್ರೆನೂ ಸಾಲ್ದು, ಅಲ್ಲಿ ಬೇಕಾಗಿರೋದು ಅಡ್ರಿನಲಿನ್ ಇಂಜೆಕ್ಷನ್, ಅದೂ ಕೂಡ್ಲೇ. ಪ್ರತಿದಿನ ಅಥವಾ ಸೀಸನ್ ಪೂರ್ತಿ ನರಳೋರು, ನಾಲ್ಕು ಸಲ ನೆನಪಿಟ್ಕೊಳ್ಳೋ ತಾಳ್ಮೆ ಇರೋರು, ಸೀಸನ್ ಶುರುವಾಗೋ ಒಂದೆರಡು ವಾರ ಮುಂಚೆನೇ ಡಾಕ್ಟ್ರನ್ನ ಕೇಳಿ ಶುರು ಮಾಡಿ.

ಒಂದು ಸ್ಟಾರ್ ಕಟ್ ಮಾಡಿದ್ದು ಔಷಧಿಗಲ್ಲ, ಪೆಟ್ಟಿಗೆ ಒಳಗಿನ ಕಾಗದಕ್ಕೆ. ಇರುವೆ ಸೈಜಿನ ಅಕ್ಷರದಲ್ಲಿ ಎರಡೂ ಬದಿ ತುಂಬಿಸಿದಾರೆ, ಅದೂ ಕಣ್ಣು ಊದ್ಕೊಂಡಿರೋರು ಓದ್ಲಿ ಅಂತ. "ನವೆ ಇಲ್ಲದಾಗಲೂ ಹಾಕಿ" ಅನ್ನೋ ಒಂದು ಸಾಲು ಬಾಟ್ಲಿ ಮೇಲೇ ದಪ್ಪಕ್ಕೆ ಬರೆದಿದ್ರೆ ನಂದು ಒಂದು ಬಾಟ್ಲಿ ಉಳೀತಿತ್ತು. ಈಗ ನಡೀತಿರೋದು ಮೂರನೇದು, ಸೀಲ್ ಒಡೆದ ತಾರೀಕನ್ನ ಮಾರ್ಕರ್‌ನಲ್ಲಿ ತಳದಲ್ಲಿ ಬರೆದಿಟ್ಟಿದೀನಿ, ಇವತ್ತಿಗೆ 26ನೇ ದಿನ, ಒಳಗೆ ಇನ್ನೂ ಕಾಲು ಭಾಗ ಇದೆ, ನಾಡಿದ್ದು ಕಸದ ಬುಟ್ಟಿಗೆ ಹಾಕುವಾಗ ಹೊಟ್ಟೆ ಉರಿಯತ್ತೆ.